ಅನುಕರಣವೂ ಅಪಹರಣವೂ

ಮಾನವನ ವಿದ್ಯೆಯೆಲ್ಲವೂ ಅನುಕರಣದಿಂದಲೇ ಪ್ರಾರಂಭವಾಗುತ್ತದೆ. ಕೂಸು ತಾಯಿಯ ತುಟಿಗಳ ಚಲನೆಯನ್ನು ನೋಡಿ ಮಾತು ಕಲಿಯುತ್ತದೆ. ಕಮ್ಮಾರನ ಮಗ ತಂದೆಯ ಕೈಯನ್ನು ನೋಡಿ ಸುತ್ತಿಗೆ ಹಿಡಿಯುತ್ತಾನೆ. ಮಠದ ಪ್ರಸಾದನಿಲಯಗಳಲ್ಲಿದ್ದು ಓದಿದ ನಮ್ಮಂಥವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಹತ್ತು ಮಂದಿಗೆ ಒಂದೇ ಪಠ್ಯಪುಸ್ತಕವಿದ್ದ ಆ ದಿನಗಳಲ್ಲಿ ರಾತ್ರಿ ಪ್ರಸಾದವಾದ ಮೇಲೆ ಒಬ್ಬನು ಓದುವುದು, ಉಳಿದವರು ಬರೆದುಕೊಳ್ಳುವುದು ವಾಡಿಕೆಯಾಗಿತ್ತು. ನಾನು ಮೊದಲ ಸಲ ಹಾಗೆ ನಕಲು ಮಾಡಿದ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡ ಅಕ್ಷರಗಳಿಂದ ನನ್ನ ಹೆಸರನ್ನೇ ಬರೆದುಕೊಂಡಿದ್ದೆ. ಅದನ್ನು ಕಂಡ ಹಿರಿಯ ವಿದ್ಯಾರ್ಥಿಯೊಬ್ಬರು, "ತಮ್ಮಾ, ಮೊದಲ ಪುಟ ಪುಸ್ತಕ ಬರೆದವರದು. ನಕಲು ಮಾಡಿದವನ ಹೆಸರಿಗೆ ಕೊನೆಯ ಪುಟವಿದೆ" ಎಂದು ಹೇಳಿ, ಆ ಹಾಳೆಯನ್ನು ತೆಗೆಸಿ ಬೇರೆ ಹಾಳೆ ಹೊಲಿಸಿದರು.

ಈ ಹಳೆಯ ಮಾತು ಮತ್ತೆ ನೆನಪಾದುದು ಕಳೆದ ಬೇಸಿಗೆಯಲ್ಲಿ. ಅದೂ ಗಣಕಯಂತ್ರದ ಒಂದು ಆಟದ ದೆಸೆಯಿಂದ. ಮಠದ ಪತ್ರಿಕೆಯಲ್ಲಿ ಹುಡುಗರ ಕಾರಿನ ಪಂದ್ಯದ ಆಟದ ಮಾತೇಕೆಂದು ತಾವು ಹುಬ್ಬೇರಿಸಬಹುದು. ಕೊಂಚ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ. ಆಟ ಚಿಕ್ಕದಾದರೂ ಅದರಿಂದೆದ್ದ ಪ್ರಶ್ನೆ ಚಿಕ್ಕದಲ್ಲ. ಮತ್ತೊಬ್ಬರು ಮಾಡಿದುದರ ಮೇಲೆ ನಾವು ಏನನ್ನಾದರೂ ಕಟ್ಟಿದಾಗ ಅದು ಎಲ್ಲಿಯವರೆಗೆ ಅನುಕರಣ, ಎಲ್ಲಿಂದ ಅಪಹರಣ? ಕಾನೂನು ತಡೆಯಬಲ್ಲುದೆಲ್ಲವೂ ಅಧರ್ಮವೇ? ಕಾನೂನಿನ ಕಣ್ಣಿಗೆ ಬೀಳದುದೆಲ್ಲವೂ ಧರ್ಮವೇ?

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ಗಣಕಯಂತ್ರದ ತೆರೆಯ ಮೇಲೆ ವಾಹನ ಓಡಿಸುವ ಆಟಗಳು ಹಲವಿವೆ. ಆಟವನ್ನು ತಯಾರಿಸಿದವರು ಕೊಟ್ಟ ವಾಹನ, ಕೊಟ್ಟ ದಾರಿ ಇಷ್ಟರಿಂದಲೇ ತೃಪ್ತರಾಗದ ಅಭಿಮಾನಿಗಳು ತಾವೇ ಹೊಸ ವಾಹನವನ್ನೋ ಹೊಸ ದಾರಿಯನ್ನೋ ರಚಿಸಿ ಅದಕ್ಕೆ ಸೇರಿಸುತ್ತಾರೆ. ಈ ಸೇರ್ಪಡೆಗೆ 'ಮಾಡ್' ಎಂದು ಹೆಸರು. 2014ರಲ್ಲಿ ಹೊರಬಂದ ಇಟಲಿಯ 'ಅಸೆಟ್ಟೊ ಕೊರ್ಸಾ' ಎಂಬ ಪಂದ್ಯದ ಆಟ ಇಂದಿಗೂ ಬಾಳಿಕೊಂಡಿರುವುದಕ್ಕೆ ಅಭಿಮಾನಿಗಳ ಈ ಸೇರ್ಪಡೆಗಳೇ ಬಹುಮಟ್ಟಿಗೆ ಕಾರಣ. 2017ರಲ್ಲಿ ಇಂಡೋನೇಷ್ಯಾದವರು ಹೊರತಂದ ಬಸ್ಸು ಓಡಿಸುವ ಆಟವೊಂದು, ಬಸ್ಸಿನ ಹೊರಬಣ್ಣವನ್ನು ಆಡುವವರೇ ಬರೆದುಕೊಳ್ಳಲು, ತಾವು ರಚಿಸಿದ ವಾಹನವನ್ನೇ ಸೇರಿಸಲು ಅವಕಾಶವಿತ್ತಿದೆ. ಅದರಲ್ಲಿ ನಮ್ಮ ನಾಡಿನ ಹುಡುಗರು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಕೆಂಪು ಬಸ್ಸನ್ನೂ ಐರಾವತವನ್ನೂ ಯಥಾವತ್ತಾಗಿ ಚಿತ್ರಿಸಿ ಓಡಿಸುತ್ತಾರೆ. ಸಂಬಳವಿಲ್ಲದೆ, ಕೇವಲ ಪ್ರೀತಿಯಿಂದ ಮಾಡುವ ದುಡಿಮೆ ಅದು.

ಹೊಳೆನರಸೀಪುರದಲ್ಲಿರುವ ನನ್ನ ತಂಗಿಯ ಮೊಮ್ಮಗ ಹಾಸನದಲ್ಲಿ ತಾಂತ್ರಿಕ ಶಿಕ್ಷಣ ಪಡೆಯುತ್ತಿದ್ದಾನೆ. ಇವನು ಎರಡು ವರ್ಷ ಕುಳಿತು ಇಂಥದೊಂದು ಪಂದ್ಯದ ಆಟಕ್ಕೆ ನಮ್ಮ ಸೀಮೆಯ ದಾರಿಯನ್ನೇ ರಚಿಸಿದ. ಹಾಸನದಿಂದ ಹೊರಟು ಚನ್ನರಾಯಪಟ್ಟಣ, ಅಲ್ಲಿಂದ ಹೊಳೆನರಸೀಪುರ, ಮುಂದೆ ಅರಕಲಗೂಡು, ಮರಳಿ ಹಾಸನ. ಭಾನುವಾರಗಳಂದು ತಂದೆಯ ಮೋಟಾರ್ ಸೈಕಲ್ಲಿನ ಮೇಲೆ ಹೋಗಿ ತಿರುವುಗಳನ್ನು ಅಳೆದು, ಸಾಲುಮರಗಳನ್ನು ಎಣಿಸಿ, ಛಾಯಾಚಿತ್ರ ತೆಗೆದುಕೊಂಡು ಬರುತ್ತಿದ್ದ. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟ, ಹೊಳೆನರಸೀಪುರದ ಹೇಮಾವತಿ ಸೇತುವೆ, ಅರಕಲಗೂಡು ಕಡೆಯ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳು, ಹಾಸನದ ಸುತ್ತಿನ ಆಲೂಗಡ್ಡೆ ಹೊಲಗಳು ಎಲ್ಲವನ್ನೂ ಅದರಲ್ಲಿ ತಂದಿದ್ದ. ಒಮ್ಮೆ ಮನೆಗೆ ಹೋದಾಗ ನನಗೂ ತೋರಿಸಿದ. ನಾನು ಅರುವತ್ತು ವರ್ಷಗಳಿಂದ ತಿರುಗಿದ ದಾರಿಯನ್ನು ಹುಡುಗನೊಬ್ಬ ಅಷ್ಟು ಗಮನವಿಟ್ಟು ನೋಡಿದ್ದಾನಲ್ಲಾ ಎಂದು ನನಗೆ ಸಂತೋಷವಾಯಿತು. ನಾನೇ ಅದನ್ನು ಅಷ್ಟು ನೋಡಿರಲಿಲ್ಲವೆಂದು ಸಂಕೋಚವೂ ಆಯಿತು.

ಕಳೆದ ಬೇಸಿಗೆಯಲ್ಲಿ ಅವನಿಗೊಂದು ಮಿಂಚಂಚೆ ಬಂತು. ವಾಹನ ತಯಾರಿಕೆಯ ಸಂಸ್ಥೆಯೊಂದರ ಪರವಾಗಿ ಬರೆದುದೆಂದು ಅದರಲ್ಲಿ ಹೇಳಿತ್ತು. ಅವನು ಆ ದಾರಿಯೊಡನೆ ಒಂದು ಕಾರನ್ನೂ ಸೇರಿಸಿ ಹಂಚಿದ್ದ. ಅದರ ಮೇಲೆ ಸಂಸ್ಥೆಯ ಹೆಸರು ಲಾಂಛನಗಳಿದ್ದವು. ಪರವಾನಗಿಯಿಲ್ಲದೆ ಅವನ್ನು ಬಳಸಿದುದು ಅಪರಾಧ. ನಲವತ್ತೆಂಟು ಗಂಟೆಗಳೊಳಗೆ ಎಲ್ಲವನ್ನೂ ಅಳಿಸದಿದ್ದರೆ ಲಕ್ಷಾಂತರ ರೂಪಾಯಿ ನಷ್ಟಪರಿಹಾರ, ಜೈಲುವಾಸ ಎಂದು ಮುಂತಾಗಿ ಬರೆದಿತ್ತು. ಹುಡುಗ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ರಾತ್ರಿಯೇ ಕಾರನ್ನೂ ದಾರಿಯನ್ನೂ, ತನ್ನ ಗಣಕದಲ್ಲಿದ್ದ ಮೂಲ ಕಡತಗಳನ್ನೂ ಅಳಿಸಿಹಾಕಿದ. ಮೂರು ದಿನ ಊಟ ಸೇರದಿದ್ದಾಗ ತಂಗಿ ನನ್ನನ್ನು ಕರೆಸಿದಳು.

"ಎಲ್ಲಾ ಅಳಿಸಿಬಿಟ್ಟೆ ತಾತ, ಇನ್ನು ಇದರ ಸಹವಾಸವೇ ಬೇಡ" ಎಂದ.

"ದಾರಿಯನ್ನೇಕೆ ಅಳಿಸಿದೆ ಮಗು? ಅದು ಆ ಸಂಸ್ಥೆಯದಾಗಿತ್ತೇ?" ಎಂದು ಕೇಳಿದೆ.

ಅವನು ಉತ್ತರಿಸಲಿಲ್ಲ. ಆಮೇಲೆ ನಾನು ಒಂದೊಂದಾಗಿ ವಿಚಾರಿಸಿದೆ. ಯಾವುದು ನೀನು ಮಾಡಿದ್ದು, ಯಾವುದು ಪಡೆದದ್ದು? ದಾರಿ ಪೂರ್ತಿಯಾಗಿ ತನ್ನದೆಂದ. ಕಾರಿನ ಹೆಸರು ಲಾಂಛನಗಳು ಸಂಸ್ಥೆಯವು. ಕಾರಿನ ಆಕೃತಿ? ಇಲ್ಲಿ ಅವನ ಧ್ವನಿ ಇಳಿಯಿತು. ಆ ಆಕೃತಿಯನ್ನು ಬೇರೊಂದು ದೇಶದ ಯುವಕನೊಬ್ಬ ತಿಂಗಳುಗಟ್ಟಲೆ ಕುಳಿತು ರಚಿಸಿ, ತನ್ನ ಹೆಸರನ್ನು ಅದರಲ್ಲಿ ನಮೂದಿಸಿ, ಉಚಿತವಾಗಿ ಕೊಟ್ಟಿದ್ದನಂತೆ. ಇವನು ಆ ಹೆಸರನ್ನು ತೆಗೆದು ತನ್ನ ಹೆಸರನ್ನು ಹಾಕಿ, ಬೇಕೆಂದವರಿಂದ ಐವತ್ತೈವತ್ತು ರೂಪಾಯಿ ಪಡೆದಿದ್ದ. ಒಟ್ಟು ಎರಡು ಸಾವಿರದಷ್ಟಾಗಿತ್ತು.

ಓದುಗರೇ, ಇಲ್ಲಿ ತಾವು ಕ್ಷಣಕಾಲ ನಿಂತು ಯೋಚಿಸಬೇಕು. ಬಂದ ಬೆದರಿಕೆ ಲಾಂಛನವನ್ನು ಕುರಿತದ್ದು. ಅದಕ್ಕೆ ಹೆದರಿ ಹುಡುಗ ನಾಶಮಾಡಿದ್ದು ಯಾರ ಹಂಗೂ ಇಲ್ಲದ ತನ್ನ ಸ್ವಂತ ದುಡಿಮೆಯನ್ನು. ಅವನಿಂದ ನಿಜವಾಗಿ ಅನ್ಯಾಯಕ್ಕೊಳಗಾದವನು ದೂರದೇಶದ ಆ ಅನಾಮಧೇಯ ಯುವಕ. ಅವನು ಒಂದು ಪತ್ರವನ್ನೂ ಬರೆದಿರಲಿಲ್ಲ, ಬಹುಶಃ ಅವನಿಗೆ ಈ ಸಂಗತಿ ತಿಳಿದೂ ಇರಲಿಲ್ಲ. ಭಯವು ಮನುಷ್ಯನನ್ನು ಸರಿಯಾದ ತಪ್ಪಿನ ಕಡೆಗೆ ತಿರುಗಿಸುವುದಿಲ್ಲ. ಗಟ್ಟಿಯಾಗಿ ಕೂಗಿದವನ ಕಡೆಗೆ ತಿರುಗಿಸುತ್ತದೆ. ಧರ್ಮಭೀರುತ್ವಕ್ಕೂ ದಂಡಭೀರುತ್ವಕ್ಕೂ ಇರುವ ಅಂತರ ಇದೇ.

ಹಾಗೆಂದು ಕಾನೂನನ್ನು ಹಗುರವಾಗಿ ಕಾಣಲಾಗದು. ನಮ್ಮ ದೇಶದ ಗ್ರಂಥಸ್ವಾಮ್ಯದ ಅಧಿನಿಯಮ 1957ರದು. ಗಣಕಯಂತ್ರದ ಕ್ರಮವಿಧಿಗಳೂ ಅದರ ಪ್ರಕಾರ ಸಾಹಿತ್ಯಕೃತಿಗಳೆನಿಸುತ್ತವೆ. ಕರ್ತೃವಿನ ಜೀವಮಾನ ಮತ್ತು ಅನಂತರದ 60 ವರ್ಷಗಳವರೆಗೆ ಸ್ವಾಮ್ಯ ಉಳಿಯುತ್ತದೆ. ಕೃತಿಯನ್ನು ಪ್ರತಿಮಾಡುವ, ರೂಪಾಂತರಿಸುವ, ಜನರಿಗೆ ಹಂಚುವ ಹಕ್ಕು ಸ್ವಾಮ್ಯವುಳ್ಳವನದು. ಕಂಪನಿಯ ಹೆಸರು ಲಾಂಛನಗಳಿಗೆ ಬೇರೆಯೇ ರಕ್ಷಣೆಯಿದೆ. ಅದು 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ್ದು. ಈ ಚಿಹ್ನೆಗಳ ಗೊಡವೆ ಶ್ರೀಮಂತ ಕಂಪನಿಗಳಿಗೆ ಮಾತ್ರ ಸೇರಿದ್ದೆಂದು ಭಾವಿಸಬೇಡಿ. ನಾವು ನಿತ್ಯ ಹತ್ತಿ ಇಳಿಯುವ ಕೆಂಪು ಬಸ್ಸಿನ ಮೇಲಿನ 'ಕೆ.ಎಸ್.ಆರ್.ಟಿ.ಸಿ.' ಎಂಬ ಐದು ಅಕ್ಷರಗಳಿಗಾಗಿಯೇ ಕೇರಳ ಮತ್ತು ಕರ್ನಾಟಕದ ಸಾರಿಗೆ ಸಂಸ್ಥೆಗಳ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕೊನೆಗೆ 2023ರ ಡಿಸೆಂಬರ್ ತಿಂಗಳಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಕೇರಳದ ಅರ್ಜಿಯನ್ನು ವಜಾ ಮಾಡಿದ್ದರಿಂದ ನಮ್ಮ ಬಸ್ಸುಗಳು ಆ ಅಕ್ಷರಗಳನ್ನು ಹೊತ್ತು ತಿರುಗುತ್ತಿವೆ. ನೆರೆಹೊರೆಯ ಎರಡು ಸರ್ಕಾರಿ ಸಂಸ್ಥೆಗಳೇ ಇಷ್ಟು ಹೋರಾಡಿರುವಾಗ, ಖಾಸಗಿ ಕಂಪನಿ ತನ್ನ ಹೆಸರನ್ನು ಕಾಯ್ದುಕೊಂಡರೆ ಆಶ್ಚರ್ಯವೇನು?

ಕಂಪನಿಗಳ ಕಡೆಯ ಮಾತನ್ನೂ ನ್ಯಾಯವಾಗಿ ಕೇಳಬೇಕು. ಆಟ ತಯಾರಿಸುವವರು ಕಾರಿನ ಕಂಪನಿಗಳಿಗೆ ಹಣ ತೆತ್ತು ಪರವಾನಗಿ ಪಡೆಯುವ ಪದ್ಧತಿಯಿದೆ. ಜರ್ಮನಿಯ ಪೋರ್ಷೆ ಕಾರನ್ನು ಆಟಗಳಲ್ಲಿ ತೋರಿಸುವ ಹಕ್ಕನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಕಂಪನಿ 2016ರವರೆಗೆ ಬಹುಕಾಲ ತನ್ನೊಬ್ಬರದನ್ನಾಗಿ ಮಾಡಿಕೊಂಡಿತ್ತು; ಆದ್ದರಿಂದ ಇತರ ಎಷ್ಟೋ ಆಟಗಳು ಅದೇ ಮೈಕಟ್ಟಿನ ಮೇಲೆ ಕಾರು ಕಟ್ಟುವ 'ರೂಫ್' ಎಂಬ ಸಣ್ಣ ತಯಾರಕರ ವಾಹನಗಳಿಂದ ತೃಪ್ತಿಪಡಬೇಕಾಯಿತು. ಒಬ್ಬನು ಹಣ ಕೊಟ್ಟು ಪಡೆದುದನ್ನು ಇನ್ನೊಬ್ಬನು ಸುಮ್ಮನೆ ತೆಗೆದುಕೊಂಡು ಮಾರಿದರೆ ಕೊಟ್ಟವನಿಗೆ ಅನ್ಯಾಯವಾಗುವುದಿಲ್ಲವೇ? ಹೆಸರು ಹಾಳಾದೀತೆಂಬ ಅಂಜಿಕೆಯೂ ಉಂಟು. ಕಳಪೆ ನಕಲನ್ನು ನೋಡಿದವರು ಮೂಲವೇ ಕಳಪೆಯೆಂದು ತಿಳಿಯಬಹುದು. ಇವೆಲ್ಲ ಒಪ್ಪತಕ್ಕ ಮಾತುಗಳೇ.

ಆದರೆ ಹಕ್ಕಿರುವುದು ಬೇರೆ, ಆ ಹಕ್ಕನ್ನು ಚಲಾಯಿಸುವ ರೀತಿ ಬೇರೆ. ಹಕ್ಕು ಎಲ್ಲಿಯವರೆಗೆ ಹರಡುತ್ತದೆಂಬುದನ್ನು ಹಕ್ಕುದಾರನೇ ತೀರ್ಮಾನಿಸುವಂತಿಲ್ಲ. ಅಮೆರಿಕದ ಸೇನೆಯ ಹಮ್ವೀ ವಾಹನವನ್ನು ತಯಾರಿಸುವ ಎ.ಎಂ. ಜನರಲ್ ಸಂಸ್ಥೆ, ಯುದ್ಧದ ಆಟವೊಂದರಲ್ಲಿ ತನ್ನ ವಾಹನವನ್ನು ಅಪ್ಪಣೆಯಿಲ್ಲದೆ ಚಿತ್ರಿಸಿದರೆಂದು ಆಕ್ಟಿವಿಷನ್ ಕಂಪನಿಯ ಮೇಲೆ ದಾವೆ ಹೂಡಿತ್ತು. ನೈಜತೆಗಾಗಿ ಹಾಗೆ ಚಿತ್ರಿಸುವುದು ಕಲಾಸ್ವಾತಂತ್ರ್ಯದೊಳಗೆ ಬರುತ್ತದೆಂದು 2020ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪಿತ್ತಿತು. ಅಲ್ಲಿ ಪ್ರತಿವಾದಿಯಾಗಿದ್ದುದು ದೊಡ್ಡ ಕಂಪನಿ. ವಕೀಲರನ್ನಿಟ್ಟು ವರ್ಷಗಟ್ಟಲೆ ಹೋರಾಡುವ ಶಕ್ತಿ ಅದಕ್ಕಿತ್ತು. ಕಾರು ಓಡಿಸುವ ಹಳೆಯ ಆಟಗಳೆರಡರ ಒಳಗುಟ್ಟನ್ನು ಬಿಡಿಸಿ ಹೊಸ ಯಂತ್ರಗಳಲ್ಲಿ ಆಡುವಂತೆ ಮಾಡಿದ ಕೆಲವು ಅಭಿಮಾನಿಗಳ ಮೇಲೆ ಟೇಕ್-ಟು ಎಂಬ ಕಂಪನಿ 2021ರಲ್ಲಿ ಮೊಕದ್ದಮೆ ಹೂಡಿದಾಗ ಎದುರಿಗಿದ್ದವರು ಬಿಡಿ ವ್ಯಕ್ತಿಗಳು. ಸರಿತಪ್ಪುಗಳೇನೇ ಇರಲಿ, ಬಲಾಬಲದ ಅಂತರವನ್ನು ಗಮನಿಸಿ. ಇಂಥ ವಿವಾದಗಳಲ್ಲಿ ಹೆಚ್ಚಿನವು ನ್ಯಾಯಾಧೀಶರೆದುರಿಗೆ ಬರುವುದೇ ಇಲ್ಲ. ಪತ್ರ ಓದಿದ ಹುಡುಗನ ಕೋಣೆಯಲ್ಲಿಯೇ ಇತ್ಯರ್ಥವಾಗಿಬಿಡುತ್ತವೆ.

ನಮ್ಮ ಶಾಸನಕರ್ತರು ಇದನ್ನು ಊಹಿಸದೆ ಇರಲಿಲ್ಲ. ಗ್ರಂಥಸ್ವಾಮ್ಯದ ಅಧಿನಿಯಮದಲ್ಲಿ 60ನೆಯ ಕಲಂ ಒಂದಿದೆ. ಆಧಾರವಿಲ್ಲದೆ ಮೊಕದ್ದಮೆಯ ಬೆದರಿಕೆ ಹಾಕಿದವನ ಮೇಲೆ ಬೆದರಿಕೆಗೆ ಗುರಿಯಾದವನೇ ನ್ಯಾಯಾಲಯಕ್ಕೆ ಹೋಗಿ, ತಾನು ಉಲ್ಲಂಘನೆ ಮಾಡಿಲ್ಲವೆಂದು ಘೋಷಣೆಯನ್ನೂ ಬೆದರಿಕೆಗೆ ತಡೆಯನ್ನೂ ನಷ್ಟಪರಿಹಾರವನ್ನೂ ಕೇಳಬಹುದು. ಬೆದರಿಸಿದವನು ವಿಳಂಬಿಸದೆ ನಿಜವಾಗಿ ದಾವೆ ಹೂಡಿ ನಡೆಸಿದರೆ ಮಾತ್ರ ಈ ಕಲಂ ಅವನಿಗೆ ಅನ್ವಯಿಸದು. ವ್ಯಾಪಾರ ಚಿಹ್ನೆಗಳ ಅಧಿನಿಯಮದ 142ನೆಯ ಕಲಂ ಸಹ ಇದೇ ಆಶಯದ್ದು. ನಿನಗೆ ಹಕ್ಕಿದ್ದರೆ ನ್ಯಾಯಾಲಯದ ಬಾಗಿಲಿಗೆ ಬಾ, ಇಲ್ಲವಾದರೆ ಬೀದಿಯಲ್ಲಿ ನಿಂತು ಹೆದರಿಸಬೇಡ ಎಂಬುದು ಇದರ ತಾತ್ಪರ್ಯ. ನಮ್ಮ ಹುಡುಗನಿಗೆ ಬಂದ ಪತ್ರ ಲಾಂಛನದ ಮಟ್ಟಿಗೆ ನಿರಾಧಾರವಾಗಿರಲಿಲ್ಲವೆಂದು ಒಪ್ಪುತ್ತೇನೆ. ಆದರೆ 'ಎಲ್ಲವನ್ನೂ ಅಳಿಸು' ಎಂಬ ಮಾತಿಗೆ, ಹೇಮಾವತಿಯ ಸೇತುವೆಯನ್ನೂ ತೆಂಗಿನ ತೋಟವನ್ನೂ ಅಳಿಸು ಎಂಬ ಮಾತಿಗೆ, ಯಾವ ಆಧಾರವಿತ್ತು?

ಹಾಗಾದರೆ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿಕೊಂಡಿದ್ದರು? ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಹೊರಗೋಡೆಯ ವಿಗ್ರಹಗಳ ಕೆಳಗೆ ಶಿಲ್ಪಿಗಳ ಹೆಸರುಗಳನ್ನು ಕೆತ್ತಲಾಗಿದೆ. ಒಂದು ಪಾರ್ಶ್ವದಲ್ಲಿ ಬೈಚೋಜ, ಇನ್ನೊಂದರಲ್ಲಿ ಮಲ್ಲಿತಮ್ಮ. ವಿಷ್ಣುವಿನ ರೂಪಗಳು ಇವರಿಬ್ಬರೂ ಹೊಸದಾಗಿ ಕಲ್ಪಿಸಿದುವಲ್ಲ. ಶಿಲ್ಪಶಾಸ್ತ್ರದ ಲಕ್ಷಣಗಳು ಎಲ್ಲರ ಸೊತ್ತು. ಬೇಲೂರಿನಲ್ಲಿ, ಹಳೇಬೀಡಿನಲ್ಲಿ ಮೊದಲೇ ಕಡೆದುದನ್ನು ನೋಡಿಯೇ ಮುಂದಿನವರು ಕಲಿತರು. ಯಾರೂ ಯಾರನ್ನೂ 'ನನ್ನ ನಮೂನೆ ಕದ್ದೆ' ಎಂದು ಕಟಕಟೆಗೆ ಎಳೆದಂತೆ ಕಾಣುವುದಿಲ್ಲ. ಆದರೆ ಮಲ್ಲಿತಮ್ಮ ಕಡೆದ ವಿಗ್ರಹದ ಕೆಳಗೆ ಬೈಚೋಜ ತನ್ನ ಹೆಸರನ್ನು ಬರೆಯಲಿಲ್ಲ. ರೂಪ ಸರ್ವರದು, ಕೈ ಒಬ್ಬನದು ಎಂಬ ವಿವೇಕ ಆ ಗೋಡೆಯ ಮೇಲೆಯೇ ಇದೆ.

ಶರಣಸಾಹಿತ್ಯವನ್ನು ಬಲ್ಲ ತಮಗೆ ಇನ್ನೂ ಹತ್ತಿರದ ನಿದರ್ಶನವಿದೆ. ಶೂನ್ಯಸಂಪಾದನೆಯನ್ನು ರಚಿಸಿದವರು ಒಬ್ಬರಲ್ಲ. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಪಾದಿಸಿದರು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿ, ಸೇರಿಸಿ, ಮರುಜೋಡಿಸಿದರು. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಎತ್ತಿಕೊಂಡು ಹೊಸ ಸಂವಾದದ ಚೌಕಟ್ಟಿನಲ್ಲಿ ಕೂರಿಸಿದ ಕೆಲಸವದು. ಇಂದಿನ ಕಟ್ಟುನಿಟ್ಟಿನ ಪರವಾನಗಿ ಅಂದಿದ್ದರೆ ಆ ಮಹಾಗ್ರಂಥ ನಮಗೆ ದೊರೆಯುತ್ತಿತ್ತೇ? ಆದರೆ ಆ ಸಂಪಾದಕರು ಪಾಲಿಸಿದ ಒಂದು ಕಟ್ಟಳೆಯುಂಟು. ಯಾವ ಶರಣನ ವಚನವೋ ಆ ಶರಣನ ಅಂಕಿತ ಅದರ ಕೊನೆಯಲ್ಲಿ ಉಳಿಯಿತು. ಅಲ್ಲಮನ ಮಾತು ಗುಹೇಶ್ವರನ ಹೆಸರಿನಲ್ಲೇ ಮುಗಿಯುತ್ತದೆ, ಅಕ್ಕನ ಮಾತು ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲೇ. ಅಂಕಿತವು ಒಡೆತನದ ಬೇಲಿಯಾಗಿರಲಿಲ್ಲ; ಅದು ಋಣದ ಸ್ಮರಣೆಯಾಗಿತ್ತು. ಬೇಲಿ ಬಾರದಂತೆ ತಡೆಯುತ್ತದೆ. ಅಂಕಿತ ಬಂದವರಿಗೆ ಮನೆ ಯಾರದೆಂದು ತಿಳಿಸುತ್ತದೆ.

ಅಂಕಿತದ ಮೇಲೆ ಕೈಯಿಟ್ಟಾಗ ಸಮಾಜ ಹೇಗೆ ನೊಂದಿತೆಂಬುದನ್ನು ನಮ್ಮ ಕಾಲದಲ್ಲಿಯೇ ಕಂಡಿದ್ದೇವೆ. ಬಸವಣ್ಣನವರ ವಚನಗಳಲ್ಲಿ 'ಕೂಡಲಸಂಗಮದೇವ' ಎಂಬುದಕ್ಕೆ ಬದಲಾಗಿ ಬೇರೊಂದು ಅಂಕಿತವನ್ನಿಟ್ಟು ಪ್ರಕಟವಾದ ಗ್ರಂಥವನ್ನು ಕರ್ನಾಟಕ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಕ್ರಮವನ್ನು ಎತ್ತಿಹಿಡಿಯಿತು. ಗ್ರಂಥವನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಸರಿಯಾದ ಉಪಾಯವೇ ಎಂಬುದರ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಜನರಿಗೆ ನೋವಾದುದು ವಚನವನ್ನು ಅಚ್ಚುಮಾಡಿದರೆಂದಲ್ಲ. ವಚನಗಳನ್ನು ಯಾರಾದರೂ ಅಚ್ಚುಮಾಡಬಹುದು. ನೋವಾದುದು ಹೇಳಿದವರ ಗುರುತು ಬದಲಾಯಿತೆಂದು. ಲೌಕಿಕ ಕಾನೂನೂ ಇದನ್ನು ಬಲ್ಲುದು. ಗ್ರಂಥಸ್ವಾಮ್ಯದ ಅಧಿನಿಯಮದ 57ನೆಯ ಕಲಂ ಪ್ರಕಾರ, ಸ್ವಾಮ್ಯವನ್ನು ಮಾರಿದ ಮೇಲೂ 'ಇದನ್ನು ರಚಿಸಿದವನು ನಾನು' ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲಿಯೇ ಉಳಿಯುತ್ತದೆ. ಹಣಕ್ಕೆ ಕೈಬದಲಾಗುವುದು ಸ್ವಾಮ್ಯ. ಯಾವ ಹಣಕ್ಕೂ ಕೈಬದಲಾಗದುದು ಕರ್ತೃತ್ವ.

ಇಷ್ಟನ್ನು ತಿಳಿದ ಮೇಲೆ ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ ಕಷ್ಟವಲ್ಲವೆಂದು ತೋರುತ್ತದೆ. ಒಬ್ಬರು ಮಾಡಿದುದರ ಮೇಲೆ ಮತ್ತೊಬ್ಬರು ಕಟ್ಟುವುದು ಪಾಪವಲ್ಲ. ಅದೇ ಸಂಸ್ಕೃತಿಯ ನಡೆ. ಅನುಕರಣವು ಅಪಹರಣವಾಗುವುದು ಋಣವನ್ನು ಮರೆಮಾಚಿದ ಗಳಿಗೆಯಲ್ಲಿ. ತಾನು ಪಡೆದುದನ್ನು ಪಡೆದೆನೆಂದು ಹೇಳುವವನು ಅನುಕರಿಸುತ್ತಾನೆ. ಪಡೆದುದನ್ನು ಮಾಡಿದೆನೆಂದು ಹೇಳುವವನು ಅಪಹರಿಸುತ್ತಾನೆ. ಉಚಿತವಾಗಿ ಕೊಟ್ಟುದನ್ನು ಮಾರುವುದೂ ಇದೇ ಜಾತಿಯ ತಪ್ಪು. ದಾಸೋಹದ ಪಂಕ್ತಿಯಲ್ಲಿ ಉಂಡು, ಎಲೆಯಲ್ಲಿ ಮಿಕ್ಕುದನ್ನು ಹೊರಗೆ ಒಯ್ದು ಅಂಗಡಿಯಿಟ್ಟವನನ್ನು ತಾವು ಏನೆಂದು ಕರೆಯುವಿರಿ?

'ಹೆಸರು ಹೇಳಿಬಿಟ್ಟರೆ ಸಾಕೇ? ಹೆಸರು ಹೇಳಿಯೂ ಕದಿಯಬಹುದಲ್ಲವೇ?' ಎಂದು ತಮ್ಮಲ್ಲಿ ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಯುಕ್ತವಾಗಿದೆ. ಹೆಸರು ಹೇಳುವುದು ಮೊದಲ ಮೆಟ್ಟಿಲೇ ಹೊರತು ಕೊನೆಯದಲ್ಲ. ಬದುಕಿರುವ ಕರ್ತೃವಾದರೆ ಕೇಳಬೇಕು, ಬೇಡವೆಂದರೆ ಬಿಡಬೇಕು. ಬಿಡುವುದು ಕಷ್ಟವೆನಿಸಿದರೆ ಅಷ್ಟರಮಟ್ಟಿಗೆ ನಮ್ಮದು ಪ್ರೀತಿಯಲ್ಲ, ಆಸೆ ಎಂದು ತಿಳಿಯಬೇಕು. ಅದೇ ರೀತಿ ಕರ್ತೃವೂ ಯೋಚಿಸಬೇಕು. ತನ್ನ ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಡುವ ಸ್ವಾತಂತ್ರ್ಯವೂ ಅವನಿಗಿದೆ. ಮಹಾತ್ಮಾ ಗಾಂಧಿಯವರು 1910ರಲ್ಲಿ 'ಹಿಂದ್ ಸ್ವರಾಜ್' ಪುಸ್ತಕದ ಇಂಗ್ಲಿಷ್ ರೂಪವನ್ನು ಪ್ರಕಟಿಸಿದಾಗ ಯಾವ ಹಕ್ಕನ್ನೂ ಕಾದಿರಿಸಿಕೊಂಡಿಲ್ಲವೆಂದು ಅದರ ಮೇಲೆ ಅಚ್ಚು ಹಾಕಿಸಿದರು. ಎಲ್ಲರೂ ಹಾಗೆ ಮಾಡಬೇಕೆಂದು ಹೇಳಲಾಗದು. ದುಡಿಮೆಯಿಂದಲೇ ಹೊಟ್ಟೆ ಹೊರೆಯಬೇಕಾದವರಿದ್ದಾರೆ. ಆದರೆ ಹೊಟ್ಟೆ ತುಂಬಿದ ಸಂಸ್ಥೆಯೊಂದು, ತನ್ನ ಕಾರನ್ನು ಮೆಚ್ಚಿ ಚಿತ್ರಿಸಿದ ಹುಡುಗನಿಗೆ, 'ನಮ್ಮ ಲಾಂಛನವನ್ನು ತೆಗೆದುಬಿಡಪ್ಪಾ, ಉಳಿದುದು ಚೆನ್ನಾಗಿದೆ' ಎಂದು ಎರಡು ಸಾಲು ಬರೆದಿದ್ದರೆ ಅದರ ಹಕ್ಕಿಗೆ ಏನು ಕುಂದಾಗುತ್ತಿತ್ತು? ಅಭಿಮಾನಿಯಿಂದ ಲಾಭ ಪಡೆದ ಉದಾಹರಣೆಗಳೂ ಇವೆ. 1999ರಲ್ಲಿ ಇಬ್ಬರು ಯುವಕರು ಬೇರೊಂದು ಆಟದ ಮೇಲೆ ಕಟ್ಟಿದ 'ಕೌಂಟರ್-ಸ್ಟ್ರೈಕ್' ಎಂಬ ಸೇರ್ಪಡೆಯನ್ನು ನೋಡಿ, ಮೂಲ ಆಟದ ಕಂಪನಿಯಾದ ವಾಲ್ವ್ ಅವರನ್ನು ಬೆದರಿಸಲಿಲ್ಲ. ಕೆಲಸಕ್ಕೆ ಕರೆದುಕೊಂಡು ಅದನ್ನು ತಾನೇ ಹೊರತಂದಿತು.

ಇನ್ನು ನಮ್ಮ ಹುಡುಗನ ಸಂಗತಿ. ನಾನು ಅವನಿಗೆ ಮೂರು ಕೆಲಸ ಹೇಳಿದೆ. ಲಾಂಛನವನ್ನು ತೆಗೆದಿರುವೆನೆಂದು ಸಂಸ್ಥೆಗೆ ವಿನಯದಿಂದ ಬರೆ, ಭಯದಿಂದ ಬೇಡ. ಹಣ ಕೊಟ್ಟವರಿಗೆ ಹಣವನ್ನು ಹಿಂದಿರುಗಿಸು. ಆ ದೂರದೇಶದ ಯುವಕನಿಗೆ ನಡೆದುದನ್ನು ನಡೆದಂತೆ ಬರೆದು ಕ್ಷಮೆ ಕೇಳು. ಮೊದಲನೆಯದನ್ನು ಅಂದೇ ಮಾಡಿದ. ಎರಡನೆಯದಕ್ಕೆ ಹಣವಿರಲಿಲ್ಲ, ರಜೆಯಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಗಳಿಸಿ ತೀರಿಸಿದ. ಮೂರನೆಯದಕ್ಕೆ ಕೈ ಓಡಲಿಲ್ಲ. "ತಾತ, ಕಂಪನಿಗೆ ಬರೆಯುವುದಕ್ಕಿಂತ ಇವನಿಗೆ ಬರೆಯೋದೇ ಕಷ್ಟ" ಎಂದ. ಆ ಮಾತನ್ನು ಕೇಳಿ ನನಗೆ ಸಮಾಧಾನವಾಯಿತು. ಯಾವ ದಂಡನೆಯ ಅಂಜಿಕೆಯೂ ಇಲ್ಲದ ಕಡೆಯಲ್ಲಿ ನಾಚಿಕೆ ಹುಟ್ಟಿತೆಂದರೆ ಅಲ್ಲಿ ಅಂತಃಸಾಕ್ಷಿ ಎಚ್ಚತ್ತಿದೆಯೆಂದು ಅರ್ಥ. ವಾರಗಳ ಅನಂತರ ಉತ್ತರ ಬಂತು. ತನ್ನ ಹೆಸರನ್ನು ಮತ್ತೆ ಹಾಕಬೇಕು, ಮಾರಬಾರದು, ಹಾಗಿದ್ದರೆ ಬಳಸಿಕೊಳ್ಳಬಹುದು ಎಂದಷ್ಟೇ ಅದರಲ್ಲಿತ್ತು.

ಆದರೆ ದಾರಿ? ಎರಡು ವರ್ಷಗಳ ದುಡಿಮೆ ಒಂದು ರಾತ್ರಿಯಲ್ಲಿ ಅಳಿದುಹೋಗಿತ್ತಷ್ಟೆ. ಅದು ಮರಳಿ ದೊರೆತ ಬಗೆಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾಗುತ್ತದೆ. ಚನ್ನರಾಯಪಟ್ಟಣದ ಅವನ ಸಹಪಾಠಿಯೊಬ್ಬನು ತನ್ನ ಊರಿನ ರಸ್ತೆಗೆ ಅಂಗಡಿಸಾಲನ್ನು ಸೇರಿಸುವ ಆಸೆಯಿಂದ ಮೂಲ ಕಡತಗಳ ಒಂದು ಪ್ರತಿಯನ್ನು ಹಿಂದೆಯೇ ಪಡೆದುಕೊಂಡಿದ್ದ. ಕೇಳಿದೊಡನೆ ತಂದುಕೊಟ್ಟ. ತೆರೆದು ನೋಡಿದರೆ ಮೊದಲಲ್ಲಿ ನಮ್ಮ ಹುಡುಗನ ಹೆಸರು ಇದ್ದಂತೆಯೇ ಇತ್ತು. ತನ್ನ ಹೆಸರನ್ನು ಅವನು ಕೊನೆಯಲ್ಲಿ ಬರೆದುಕೊಂಡಿದ್ದ. ಅದನ್ನು ನೋಡಿದಾಗ ನಮ್ಮ ಪ್ರಸಾದನಿಲಯದ ಆ ಹಿರಿಯರನ್ನು ನಾನು ಮನಸ್ಸಿನಲ್ಲಿಯೇ ನೆನೆದೆ.

ನಕಲಿನಿಂದ ಮೂಲ ಉಳಿಯಿತು. ಇದೇನೂ ಹೊಸ ಸಂಗತಿಯಲ್ಲ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡವೋಲೆಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದು, ಮುಂದೆ ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರೆಂಬುದನ್ನು ತಾವೆಲ್ಲ ಬಲ್ಲಿರಿ. ಅವರ ಕೈಗೆ ದೊರೆತ ಓಲೆಗಳು ಶರಣರು ತಮ್ಮ ಕೈಯಿಂದಲೇ ಬರೆದುವಾಗಿರಲಿಲ್ಲ. ಪ್ರತಿಯ ಪ್ರತಿಯ ಪ್ರತಿಗಳಾಗಿದ್ದವು. ಹೆಸರೂ ಉಳಿಯದ ಎಷ್ಟೋ ಲಿಪಿಕಾರರು ಪ್ರತಿಮಾಡಿದರು. ಆದರೆ ಅಂಕಿತವನ್ನು ಮಾತ್ರ ಅಳಿಸಲಿಲ್ಲ. ಪ್ರತಿಮಾಡದೆ ಇದ್ದಿದ್ದರೆ ವಚನಗಳು ನಾಶವಾಗುತ್ತಿದ್ದವು. ಅಂಕಿತವನ್ನು ಅಳಿಸಿದ್ದರೆ ವಚನಕಾರರು ನಾಶವಾಗುತ್ತಿದ್ದರು. ಎರಡೂ ಆಗದಂತೆ ನೋಡಿಕೊಂಡವರ ಋಣದಲ್ಲಿ ನಾವಿದ್ದೇವೆ. ಹಳಕಟ್ಟಿಯವರು ವೃತ್ತಿಯಿಂದ ವಕೀಲರಾಗಿದ್ದರೆಂಬುದೂ ಇಲ್ಲಿ ನೆನೆಯತಕ್ಕದ್ದು.

ತಮ್ಮಲ್ಲಿ ಅನೇಕರು ಇಂದು ಶಿಕ್ಷಕರು, ನ್ಯಾಯವಾದಿಗಳು, ಉದ್ಯಮಿಗಳು, ತಂದೆತಾಯಿಗಳು. ತಮ್ಮ ಮನೆಯ ಮಗುವೊಂದು ಗಣಕದ ಮುಂದೆ ಕುಳಿತು ಏನನ್ನೋ ಕಟ್ಟುತ್ತಿದ್ದರೆ 'ಆಟವಾಡಿ ಹಾಳಾದೆ' ಎಂದು ಗದರಿಸುವುದಕ್ಕೆ ಮುಂಚೆ ಪಕ್ಕದಲ್ಲಿ ಕುಳಿತು ಕೇಳಿ: ಇದರಲ್ಲಿ ನೀನು ಮಾಡಿದ್ದು ಯಾವುದು, ಪಡೆದದ್ದು ಯಾವುದು, ಕೊಟ್ಟವರ ಹೆಸರನ್ನು ಎಲ್ಲಿ ಬರೆದಿದ್ದೀಯೆ? ಬೆದರಿಕೆಯ ಪತ್ರ ಬಂದರೆ ಅವರು ಒಬ್ಬರೇ ಓದದಿರಲಿ; ತಮ್ಮೊಡನೆ ಓದುವಷ್ಟು ಸಲಿಗೆ ಇರಲಿ. ತಮ್ಮಲ್ಲಿ ನ್ಯಾಯವಾದಿಗಳಾದವರು ಇಂಥ ಪತ್ರವನ್ನು ಬರೆಯಬೇಕಾಗಿ ಬಂದರೆ, ಅದನ್ನು ಓದುವವನು ಹತ್ತೊಂಬತ್ತು ವರ್ಷದ ಹುಡುಗನಿರಬಹುದೆಂಬ ನೆನಪಿರಲಿ; ಕೇಳಬೇಕಾದುದನ್ನಷ್ಟೇ ಕೇಳಿ.

ಹುಡುಗನ ದಾರಿ ಈಗ ಮತ್ತೆ ಹಂಚಿಕೆಯಾಗಿದೆ. ಅದರ ಕಾರಿಗೆ ಲಾಂಛನವಿಲ್ಲ. ಅದನ್ನು ರಚಿಸಿದವನ ಹೆಸರಿದೆ. ಅರಕಲಗೂಡಿನ ಯಾರೋ ಹುಡುಗ ತನ್ನ ಊರಿನ ಕೆರೆ ಏರಿಯನ್ನು ಅದಕ್ಕೆ ಸೇರಿಸುವೆನೆಂದು ಬರೆದು ಅಪ್ಪಣೆ ಕೇಳಿದ್ದಾನಂತೆ. "ಏನು ಉತ್ತರ ಬರೆದೆ?" ಎಂದು ವಿಚಾರಿಸಿದೆ.

"ಸೇರಿಸು, ಹೆಸರು ಮಾತ್ರ ಅಳಿಸಬೇಡ ಅಂತ ಬರೆದೆ ತಾತ" ಎಂದ.